ಡಾಕ್ಟರ್ ಫ್ರಾನ್ಸಿಸ್ ಬುಕಾನನ್: ಕನ್ನಡನಾಡಿನ ಲೆಕ್ಕ ಬರೆದ ಹಡಗಿನ ವೈದ್ಯ

ಮೈಸೂರು ಸೀಮೆಯ ಚರಿತ್ರೆಯನ್ನು ಸ್ವಲ್ಪಮಟ್ಟಿಗಾದರೂ ಓದಿದವರಿಗೆ ಬುಕಾನನ್ ಎಂಬ ಹೆಸರು ಅಪರಿಚಿತವಲ್ಲ. ಟಿಪ್ಪು ಸುಲ್ತಾನನ ಪತನವಾದ ಮರುವರ್ಷ ನಮ್ಮ ಊರೂರುಗಳನ್ನು ಸುತ್ತಿ, ರಾಗಿ ಬಿತ್ತುವುದರಿಂದ ಹಿಡಿದು ಕಂಬಳಿ ನೇಯುವವರೆಗೆ ಕಂಡದ್ದನ್ನೆಲ್ಲ ಬರೆದಿಟ್ಟ ಇಂಗ್ಲಿಷ್ ಅಧಿಕಾರಿ ಎಂದು ಹಲವರು ಆತನ ವಿಷಯ ಹೇಳುವುದುಂಟು. ಆದರೆ ಆತ ಇಂಗ್ಲಿಷಿನವನಲ್ಲ, ಸ್ಕಾಟ್ಲೆಂಡಿನವನು. ಈ ದಿಲ್ಲಿಯ ಕಡೆ ಯಾರಾದರೂ ನಮ್ಮನ್ನು ಮದ್ರಾಸಿಗಳೆಂದು ಕರೆದಾಗ ನಮಗೆ ಆಗುವ ಕಸಿವಿಸಿ ಎಂಥದೆಂಬುದು ಗ್ರೇಟರ್ ನೋಯ್ಡಾದ ಕನ್ನಡ ಕುಟುಂಬಗಳಿಗೆ ವಿವರಿಸಿ ಹೇಳಬೇಕಾದುದಲ್ಲ. ತನ್ನ ಕುಲ, ತನ್ನ ಸೀಮೆ, ತನ್ನ ಹಿರಿಯರ ಹೆಸರು ಇವುಗಳ ವಿಷಯದಲ್ಲಿ ಬುಕಾನನ್ನನ ಅಭಿಮಾನ ಎಷ್ಟು ಗಾಢವಾಗಿದ್ದಿತೆಂದರೆ, ಮುಪ್ಪಿನಲ್ಲಿ ಆತ ಅದಕ್ಕಾಗಿಯೇ ಹಳೆಯ ಕಾಗದಪತ್ರಗಳನ್ನು ಹೊತ್ತು ನ್ಯಾಯ ಕೇಳಲು ನಿಂತನು. ಅಂಥವನು ನಡುಹರೆಯದಲ್ಲಿ ಹದಿನಾಲ್ಕು ತಿಂಗಳಿಗೂ ಮಿಕ್ಕಿ ನಮ್ಮ ನಾಡಿನ ಜನರ ಕುಲಗೋತ್ರಗಳನ್ನು ವಿಚಾರಿಸುತ್ತ ಅಲೆದನೆಂಬುದು ಸ್ವಾರಸ್ಯದ ಸಂಗತಿ.

ಫ್ರಾನ್ಸಿಸ್ ಬುಕಾನನ್ 1762ನೆಯ ಇಸವಿ ಫೆಬ್ರವರಿ 15ರಂದು ಪರ್ತ್‌ಷೈರ್ ಸೀಮೆಯಲ್ಲಿ, ಕ್ಯಾಲಂಡರ್ ಎಂಬ ಊರಿನ ಪ್ರಾಂತದಲ್ಲಿ ಹುಟ್ಟಿದನು. ತಂದೆ ತಾಮಸ್ ಬುಕಾನನ್ ವೈದ್ಯ. ಸ್ಪಿಟಲ್ ಎಂಬ ಶಾಖೆಗೆ ಸೇರಿದವನು. ತಾಯಿ ಎಲಿಜಬೆತ್ ಹ್ಯಾಮಿಲ್ಟನ್ ಬಾರ್ಡೋವೀ ಎಂಬ ಜಮೀನಿನ ಮನೆತನದವಳು. ಇವನು ನಾಲ್ಕನೆಯ ಮಗ. ಅಲ್ಲಿಯ ರೂಢಿಯಂತೆ ಜಮೀನು ಹಿರಿಯ ಮಗನಿಗೆ. ಕಿರಿಯವರು ಓದಿಯೋ ಕತ್ತಿ ಹಿಡಿದೋ ಹೊಟ್ಟೆ ಹೊರೆದುಕೊಳ್ಳಬೇಕು.

ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನ ಕುಲಗಳಾಗಿ ಬಾಳುತ್ತಿದ್ದವರು. ಒಂದೊಂದು ಕುಲಕ್ಕೂ ಒಬ್ಬ ನಾಯಕ, ಒಂದು ಹೆಸರು, ಒಂದು ಸೀಮೆ. ನಮ್ಮ ಪಾಳೆಯಗಾರರ ಕಾಲವನ್ನು ನೆನೆದರೆ ಆ ವ್ಯವಸ್ಥೆ ಸ್ವಲ್ಪ ಮನಸ್ಸಿಗೆ ಬಂದೀತು. 1746ರಲ್ಲಿ ಕಲ್ಲೋಡನ್ ಎಂಬಲ್ಲಿ ಆ ಜನರ ದಂಗೆ ಮುರಿಯಿತು. ಆ ಬಳಿಕ ಲಂಡನ್ನಿನ ಸರ್ಕಾರ ಅವರ ಆಯುಧಗಳನ್ನು ಕಸಿದುದಲ್ಲದೆ, ಬಣ್ಣದ ಚೌಕುಳಿಯ ಅವರ ಉಡುಪನ್ನೂ ಕಾನೂನು ಮಾಡಿ ನಿಷೇಧಿಸಿತು. ಆ ನಿಷೇಧ 1782ರವರೆಗೂ ಇದ್ದಿತು. ಬುಕಾನನ್ನನಿಗೆ ಆಗ ಇಪ್ಪತ್ತು ವರ್ಷ. ಗುಡ್ಡಗಾಡಿನ ಗಂಡಸು ತನ್ನ ಅಜ್ಜನ ಉಡುಪನ್ನು ತೊಟ್ಟರೆ ಅಪರಾಧವೆನಿಸುತ್ತಿದ್ದ ಕಾಲದಲ್ಲಿ ಬೆಳೆದ ಹುಡುಗ ಕುಲದ ಹೆಸರನ್ನು ಮನಸ್ಸಿನಲ್ಲಿ ಬಿಗಿಹಿಡಿದುಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ 1779ರಲ್ಲಿ ಎಂ. ಎ., ಎಡಿನ್‌ಬರೋದಲ್ಲಿ 1783ರಲ್ಲಿ ವೈದ್ಯ ಪದವಿ. ಎಡಿನ್‌ಬರೋದಲ್ಲಿ ಜಾನ್ ಹೋಪ್ ಎಂಬ ಆಚಾರ್ಯನ ಬಳಿ ಸಸ್ಯಶಾಸ್ತ್ರ ಕಲಿತನು. ಗಿಡವನ್ನು ನೋಡು, ಎಲೆ ಎಣಿಸು, ಹೂವಿನ ಅಂಗಗಳನ್ನು ಬಿಡಿಸು, ಆಮೇಲೆ ಹೆಸರಿಡು ಎಂಬ ಲಿನೇಯಸ್ಸನ ಕ್ರಮ ಅಲ್ಲಿ ಅವನ ಕೈಗೆ ಬಂದಿತು. ಮುಂದೆ ಮನುಷ್ಯರನ್ನು ನೋಡುವಾಗಲೂ ಅವನು ಈ ಕ್ರಮವನ್ನು ಬಿಡಲಿಲ್ಲ.

ಓದು ಮುಗಿದ ಮೇಲೆ ಯುದ್ಧನೌಕೆಯೊಂದರಲ್ಲಿ ಸಹಾಯಕ ವೈದ್ಯನ ಕೆಲಸ ಸಿಕ್ಕಿತು. ಆದರೆ ನೌಕಾಪಡೆಯ ಬದುಕು ಮೈಗೆ ಒಗ್ಗಲಿಲ್ಲ. ಆರೋಗ್ಯ ಕೆಟ್ಟು ಆ ಕೆಲಸದಿಂದ ನಿವೃತ್ತನಾಗಬೇಕಾಯಿತು. ಕಡೆಗೆ 1794ರಲ್ಲಿ ಕುಂಪಣಿ ಸರ್ಕಾರದ ಬಂಗಾಳದ ವೈದ್ಯ ಇಲಾಖೆಗೆ ಸೇರಿದನು. ವಯಸ್ಸು ಮೂವತ್ತೆರಡು. ಆ ಕಾಲದಲ್ಲಿ ಕುಂಪಣಿಯ ನೌಕರಿಗೆ ಬಂದ ಸ್ಕಾಟ್ಲೆಂಡಿನವರ ಸಂಖ್ಯೆ ಸಣ್ಣದಲ್ಲ. ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್, ಕನ್ನಡ ಜಿಲ್ಲೆಯ ಕಂದಾಯ ಕಟ್ಟಿದ ತಾಮಸ್ ಮನ್ರೋ, ಮೈಸೂರು ಸೀಮೆಯನ್ನು ಅಳೆದು ಶಾಸನ ಕೈಫಿಯತ್ತುಗಳನ್ನು ಕೂಡಿಹಾಕಿದ ಕಾಲಿನ್ ಮೆಕೆಂಜಿ, ಎಲ್ಲರೂ ಆ ನಾಡಿನವರೇ. ಊರಿನಲ್ಲಿ ಹೊಲ ಸಾಲದೆ ಪರದೇಶಕ್ಕೆ ಹೊರಟವರು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಕಥೆ ಎಲ್ಲಿಯೂ ಒಂದೇ ಎನ್ನೋಣವೆಂದರೆ ಹಾಗೂ ಆಗದು. ಅವರು ಬಂದುದು ಆಳುವವರ ಕಡೆಯವರಾಗಿ.

ಬಂದ ಮರುವರ್ಷವೇ, 1795ರಲ್ಲಿ, ಸೈಮ್ಸ್ ಎಂಬ ಕ್ಯಾಪ್ಟನ್ನನ ರಾಯಭಾರದೊಡನೆ ವೈದ್ಯನಾಗಿ ಬರ್ಮಾದ ರಾಜಧಾನಿಗೆ ಹೋಗಿಬಂದನು. ರೋಗಿಗಳಿಗಿಂತ ಗಿಡಗಳ ಕಡೆಗೇ ಅವನ ಗಮನ ಹೆಚ್ಚು. ಬರ್ಮಾ ಜನರ ಧರ್ಮದ ಮೇಲೂ ಸಾಹಿತ್ಯದ ಮೇಲೂ ದೀರ್ಘವಾದ ಲೇಖನವೊಂದನ್ನು ಬರೆದನು. 1798ರಲ್ಲಿ ಸಂಬಾರ ಪದಾರ್ಥಗಳನ್ನು ಬೆಳೆಯಲು ತಕ್ಕ ನೆಲ ಹುಡುಕುತ್ತ ಚಿತ್ತಗಾಂಗಿನ ಬೆಟ್ಟಗಳನ್ನು ಸುತ್ತಿದನು. ಹೀಗೆ, ಹೊಸ ಸೀಮೆಗೆ ಕಳುಹಿಸಿದರೆ ಕಣ್ಣು ಬಿಟ್ಟು ನೋಡಿ ಬರೆಯುವವನೆಂಬ ಹೆಸರು ಬಂದಿತು.

1799 ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪುವಿನ ರಾಜ್ಯ ಹಂಚಿಹೋಯಿತು. ಮೈಸೂರು ಬಾಲಕನಾದ ಕೃಷ್ಣರಾಜ ಒಡೆಯರಿಗೆ. ಕರಾವಳಿಯ ಕನ್ನಡ ಜಿಲ್ಲೆಯೂ ಕೊಯಮತ್ತೂರೂ ಕುಂಪಣಿಗೆ. ಗೆದ್ದ ನೆಲದಲ್ಲಿ ಏನು ಬೆಳೆಯುತ್ತದೆ, ಯಾರು ಏನು ನೇಯುತ್ತಾರೆ, ಯಾವ ಗುಡ್ಡದಲ್ಲಿ ಯಾವ ಲೋಹ ಉಂಟು ಎಂಬುದನ್ನು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ 1800ನೆಯ ಫೆಬ್ರವರಿಯಲ್ಲಿ ಬುಕಾನನ್ನನನ್ನು ನೇಮಿಸಿದನು. ಮೊದಲು ಬೇಸಾಯ, ಆಮೇಲೆ ಹತ್ತಿ, ಮೆಣಸು, ಗಂಧ, ಏಲಕ್ಕಿ, ಗಣಿ, ಕೈಗಾರಿಕೆ, ಜನರ ಸ್ಥಿತಿಗತಿ ಎಂದು ವಿಚಾರಿಸಬೇಕಾದ ವಿಷಯಗಳನ್ನು ಅಪ್ಪಣೆಯಲ್ಲಿಯೇ ಹೇಳಿದ್ದಿತು. ಇದು ಜ್ಞಾನದಾಹದಿಂದ ಹೊರಟ ಯಾತ್ರೆಯಲ್ಲ. ಕೊಂಡ ಮನೆಯ ಹೊಸ ಯಜಮಾನ ಕಣಜ ಕೊಟ್ಟಿಗೆಗಳನ್ನು ಎಣಿಸಿ ನೋಡುವಂಥ ಕೆಲಸ. ಇದನ್ನು ಮರೆತು ಬುಕಾನನ್ನನ ಗ್ರಂಥವನ್ನು ಓದಬಾರದು.

1800 ಏಪ್ರಿಲ್ 23ರಂದು ಮದರಾಸಿನಿಂದ ಹೊರಟು, ಬೆಂಗಳೂರಿನ ಮಾರ್ಗವಾಗಿ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ತಲಪಿದನು. ದಿವಾನ್ ಪೂರ್ಣಯ್ಯನವರು ರಾಜ್ಯದ ಆಡಳಿತವನ್ನು ಕೈಗೆ ತೆಗೆದುಕೊಂಡು ವರ್ಷ ತುಂಬಿರಲಿಲ್ಲ. ಉತ್ತರದಲ್ಲಿ ಧೋಂಡಿಯ ವಾಘನ ಹಾವಳಿ ಇನ್ನೂ ನಡೆದೇ ಇದ್ದಿತು. ಆರ್ಥರ್ ವೆಲ್ಲೆಸ್ಲಿಯ ದಂಡು ಅವನ ಬೆನ್ನು ಹತ್ತಿದ್ದಿತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು ಮಾಡಿದ ಆ ದ್ವೀಪದಲ್ಲಿ ಬುಕಾನನ್ನನ ಲೆಕ್ಕಕ್ಕೆ ಸಿಕ್ಕವರು ಸುಮಾರು 32 ಸಾವಿರ. ಸೋತ ರಾಜಧಾನಿ ಒಂದೇ ವರ್ಷದಲ್ಲಿ ಹೇಗೆ ಬರಿದಾಯಿತೆಂಬುದನ್ನು ಈ ಎರಡು ಅಂಕಿಗಳು ಹೇಳುತ್ತವೆ.

ಅಲ್ಲಿಂದ ಮುಂದೆ ಬೆಂಗಳೂರು, ಕೋಲಾರ, ಮಧುಗಿರಿ, ಸಿರಾ, ತುಮಕೂರು, ಮೇಲುಕೋಟೆ. ತೆಂಕಣಕ್ಕೆ ಇಳಿದು ಕೊಯಮತ್ತೂರು, ಮಲೆಯಾಳ. ಕಾಸರಗೋಡಿನ ಬಳಿಯ ಚಂದ್ರಗಿರಿ ಹೊಳೆಯನ್ನು ದಾಟಿದಾಗ ಮಲೆಯಾಳದ ಮೇರೆ ಮುಗಿದು ತುಳುವ ಸೀಮೆ ಮೊದಲಾಯಿತೆಂದು ಗುರುತಿಸಿಕೊಂಡನು. 1801ರ ಮೊದಲ ತಿಂಗಳುಗಳು ಮಂಗಳೂರು, ಮೂಡಬಿದಿರೆ, ಕಾರ್ಕಳ, ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಗೋಕರ್ಣಗಳಲ್ಲಿ ಕಳೆದವು. ಘಟ್ಟ ಹತ್ತಿ ಯಲ್ಲಾಪುರ, ಸೋದೆ, ಸಿರ್ಸಿ, ಬನವಾಸಿ, ಇಕ್ಕೇರಿ, ನಗರ. ಮರಳಿ ಬಯಲಿಗೆ ಬಂದು ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು. ಶ್ರೀರಂಗಪಟ್ಟಣದ ಮೂಲಕ ಹಿಂದಿರುಗಿ 1801 ಜುಲೈ 6ರಂದು ಮದರಾಸು ಸೇರಿದನು. ಈ ಊರುಗಳ ಪಟ್ಟಿಯನ್ನು ಓದುತ್ತ ಹೋದರೆ ನಮ್ಮ ಸಂಘದ ಸದಸ್ಯರಲ್ಲಿ ಅರ್ಧಕ್ಕರ್ಧ ಜನರ ತವರೂರು ಅದರಲ್ಲಿ ಬಂದೀತು. ರಾಜಕೀಯವಾಗಿ ತುಂಡುತುಂಡಾಗಿದ್ದ ಆ ಪ್ರದೇಶದ ಬಹುಭಾಗ 1956ರ ನವೆಂಬರ್ 1ರಂದು ಒಂದೇ ರಾಜ್ಯವಾಯಿತು, ಕಾಸರಗೋಡು ಹೊರಗುಳಿಯಿತು.

ಆತ ಬರೆದುದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರುವುದು ಗುಡಿ ಗೋಪುರಗಳ ವರ್ಣನೆಯಲ್ಲ, ಬೇಸಾಯದ ಭಾಗ. ಖಂಡುಗದ ನೆಲ ಎಂದರೆ ಇಷ್ಟು ಬೀಜ ಬಿತ್ತುವ ನೆಲ ಎಂದು ನಮ್ಮ ರೈತರ ಲೆಕ್ಕ. ಅದು ಎಷ್ಟು ಅಗಲ, ಎಷ್ಟು ಉದ್ದ ಎಂದು ಕೇಳಿದರೆ ಊರಿಗೊಂದು ಉತ್ತರ. ಬುಕಾನನ್ ಹೊಲಗಳನ್ನೇ ಅಳೆಯಿಸಿ ನೋಡಿದನು. ರಾಗಿಯ ಹೊಲಕ್ಕೆ ಎಷ್ಟು ಉಳುಮೆ, ಗೊಬ್ಬರ ಎಷ್ಟು, ಕೂರಿಗೆಯಿಂದ ಬಿತ್ತುವುದು ಹೇಗೆ, ಕುಂಟೆ ಹೊಡೆಯುವುದು ಯಾವಾಗ, ನಡುನಡುವೆ ಅವರೆ ತೊಗರಿಗಳ ಅಕ್ಕಡಿ ಸಾಲುಗಳನ್ನು ಹೇಗೆ ಬಿಡುತ್ತಾರೆ, ಒಳ್ಳೆಯ ಬೆಳೆಗೆ ಎಷ್ಟು, ಕೆಟ್ಟ ಬೆಳೆಗೆ ಎಷ್ಟು ಎಂದು ಅಡುಗೆಮನೆಯ ಹೆಂಗಸು ಬೇಳೆ ಅಕ್ಕಿಯ ಲೆಕ್ಕ ಹೇಳುವಷ್ಟು ವಿವರವಾಗಿ ಬರೆದಿದ್ದಾನೆ. ಉಪಕರಣಗಳ ಚಿತ್ರಗಳನ್ನೂ ಬರೆಯಿಸಿ ಪುಸ್ತಕದಲ್ಲಿ ಸೇರಿಸಿದನು. ಕೂರಿಗೆ ಎಂದರೇನೆಂದು ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಕೇಳಿದರೆ ಆ ಚಿತ್ರವನ್ನು ತೋರಿಸಬಹುದು.

ಕಣದಲ್ಲಿ ರಾಶಿ ಹಂಚುವ ಪದ್ಧತಿಯ ವಿವರಣೆಯನ್ನಂತೂ ಎರಡು ಸಲ ಓದಬೇಕು. ಒಕ್ಕಿದ ಧಾನ್ಯ ರೈತನ ಮನೆಗೆ ನೇರವಾಗಿ ಹೋಗುತ್ತಿರಲಿಲ್ಲ. ಮೊದಲು ದೇವರ ಪಾಲು, ಆಮೇಲೆ ಪಂಚಾಂಗದವನು, ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ಕುಂಬಾರ, ಕೆರೆಯ ನೀರು ಬಿಡುವ ನೀರಗಂಟಿ, ಕಾವಲಿನ ತಳವಾರ, ಶಾನುಭೋಗ, ಗೌಡ. ಸೇರು ಕೊಳಗಗಳಲ್ಲಿ ಇವರೆಲ್ಲರ ಪಾಲು ಕಳೆದು, ಉಳಿದುದರಲ್ಲಿ ಸರ್ಕಾರಕ್ಕೂ ರೈತನಿಗೂ ಹಂಚಿಕೆ. ಕುಂಪಣಿಯವರಿಗೆ ಇದರಲ್ಲಿ ಕಂಡದ್ದು ಸೋರಿಹೋಗುವ ಕಂದಾಯ. ನಮಗೆ ಕಾಣುವುದು ಒಂದು ಹಳ್ಳಿಯ ಜನರೆಲ್ಲ ಒಂದು ರಾಶಿಯ ಸುತ್ತ ನಿಂತ ಚಿತ್ರ. ಯಾರು ಹತ್ತಿರ ನಿಂತರು, ಯಾರನ್ನು ದೂರ ನಿಲ್ಲಿಸಿದ್ದರು ಎಂಬುದೂ ಅದರಲ್ಲಿ ಕಾಣದೆ ಇರದು.

ಇನ್ನು ಕಸುಬುಗಳು. ಬೆಂಗಳೂರು ಪೇಟೆಯ ದೇವಾಂಗ, ಪಟ್ಟೇಗಾರ ಮುಂತಾದ ನೇಕಾರರು, ಅವರ ಮಗ್ಗ, ಬಣ್ಣ ಹಾಕುವ ರೀತಿ. ಹೈದರ್ ಮತ್ತು ಟಿಪ್ಪು ಬೆಳೆಸಿದ ತೋಟದಲ್ಲಿ ದಾರಿಯ ಇಕ್ಕೆಲದಲ್ಲಿ ಸೈಪ್ರೆಸ್ ಮರಗಳು, ಗುಲಾಬಿಗೆ ಒಂದು ಚೌಕ, ದಾಳಿಂಬೆಗೆ ಇನ್ನೊಂದು ಚೌಕ. ಇಂದಿನ ಲಾಲ್‌ಬಾಗಿನ ಮೂಲ ಅದು. ಚನ್ನಪಟ್ಟಣ ಈಗ ಬೊಂಬೆಗಳಿಗೆ ಹೆಸರಾಗಿದೆ; ಆಗ ಗಾಜಿನ ಬಳೆಗೂ ಉಕ್ಕಿನ ತಂತಿಗೂ ಪ್ರಸಿದ್ಧವಾಗಿದ್ದಿತು. ಆ ತಂತಿ ವೀಣೆಯಂಥ ವಾದ್ಯಗಳಿಗೆಂದು ಭಾರತದ ದೂರದೂರದ ಭಾಗಗಳಿಗೆ ಹೋಗುತ್ತಿದ್ದಿತು. ನಮಗಿಂತ ಎಷ್ಟೋ ಮೊದಲು ನಮ್ಮ ಊರಿನ ತಂತಿ ಪರಸ್ಥಳ ಸೇರಿದ್ದಿತೆಂದಾಯಿತು.

ಮಾಗಡಿ, ಮಧುಗಿರಿಗಳ ಕಡೆಯಲ್ಲಿ ಕಬ್ಬಿಣ ಉಕ್ಕುಗಳನ್ನು ಮಾಡುವವರ ಬಳಿ ಬುಕಾನನ್ ನಿಧಾನವಾಗಿ ನಿಂತು ನೋಡಿದ್ದಾನೆ. ಮಳೆಗಾಲದಲ್ಲಿ ಹಳ್ಳಗಳು ಹೊತ್ತು ತಂದ ಕಪ್ಪು ಮರಳನ್ನು ತೊಳೆದು, ಇದ್ದಲೊಡನೆ ಕುಲುಮೆಗೆ ಹಾಕಿ, ತಿದಿಯೂದಿ ಕಬ್ಬಿಣ ಇಳಿಸುವುದು. ಆ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ಅನೇಕ ಮೂಸೆಗಳನ್ನು ಒಟ್ಟಿಗೆ ಕಾಸಿ ಉಕ್ಕು ಮಾಡುವುದು. ಮೂಸೆಯೊಳಗೆ ಕಡ್ಡಿ ಕರಿಯಾಗಿ, ಆ ಇಂಗಾಲ ಕಬ್ಬಿಣಕ್ಕೆ ಹತ್ತಿ ಉಕ್ಕಾಗುತ್ತದೆಂದು ಇಂದಿನ ಲೋಹಶಾಸ್ತ್ರ ಹೇಳುತ್ತದೆ. ಪಶ್ಚಿಮದವರು ವೂಟ್ಜ್ ಎಂದು ಹೆಸರಿಟ್ಟು ಬೆರಗಾದ ಉಕ್ಕು ಇದೇ. ಆ ಹೆಸರು ನಮ್ಮ ಉಕ್ಕು ಎಂಬ ಮಾತಿನಿಂದಲೇ ಬಂದಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಕುಲುಮೆಯಲ್ಲಿ ಎಷ್ಟು ಆಳು, ಯಾರಿಗೆ ಎಷ್ಟು ಪಾಲು ಎಂಬುದನ್ನೂ ಬುಕಾನನ್ ಕೇಳಿ ಬರೆದನು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಾಯತಿಯ ಕಬ್ಬಿಣ ಬಂದು ಈ ಕುಲುಮೆಗಳು ಆರಿಹೋದವು. ಉಳಿದುದು ಅವನ ಬರವಣಿಗೆ ಮತ್ತು ಹೊಲಗಳಲ್ಲಿ ಬಿದ್ದ ಕಿಟ್ಟದ ರಾಶಿ.

ಅವನ ಕೊರತೆಗಳನ್ನೂ ಹೇಳಬೇಕು. ಕನ್ನಡ ಅವನಿಗೆ ಬರುತ್ತಿರಲಿಲ್ಲ; ದುಭಾಷಿಯ ಬಾಯಿಂದ ಬಂದುದೇ ಅವನಿಗೆ ನಮ್ಮ ಮಾತು. ಊರುಗಳ ಹೆಸರು ಅವನ ಕೈಯಲ್ಲಿ ಎಷ್ಟೋ ಕಡೆ ಗುರುತು ಸಿಗದಷ್ಟು ಕೆಟ್ಟಿವೆ. ಟಿಪ್ಪುವಿನ ಆಳಿಕೆಯನ್ನು ನೋಡಿದ್ದು ಗೆದ್ದವರ ಕಣ್ಣಿನಿಂದ. ನಮ್ಮ ಪುರಾಣ, ಪೂಜೆಗಳ ವಿಷಯ ಬಂದಾಗ ಸಹನೆ ಕಡಿಮೆ. ಸ್ಥಳಪುರಾಣ ಹೇಳಿದ ಪುರೋಹಿತನನ್ನು ಸಂಶಯದಿಂದ ಕಾಣುತ್ತಾನೆ. ರೈತರು ಹೇಳಿದ್ದೆಲ್ಲ ನಿಜವೆಂದೂ ಅವನು ನಂಬಲಿಲ್ಲ. ಬೆಳೆ ಎಷ್ಟೆಂದು ಕೇಳುವ ದೊರೆಗೆ ಯಾವ ರೈತ ತಾನೇ ಸರಿಯಾದ ಲೆಕ್ಕ ಕೊಟ್ಟಾನು? ಕಂದಾಯ ಹೆಚ್ಚೀತೆಂಬ ಹೆದರಿಕೆ ಅವರದು. ಎಲ್ಲಕ್ಕಿಂತ ಮುಖ್ಯವಾಗಿ, ಸೋದೆ ಸಿರ್ಸಿಗಳ ಅಡಕೆ ತೋಟದ ಹವ್ಯಕರು, ಕರಾವಳಿಯ ಹಳೇಪೈಕರು, ದಾವಣಗೆರೆಯ ಕಡೆಯ ಕಂಬಳಿಯ ಕುರುಬರು ಹೀಗೆ ಒಂದೊಂದು ಜಾತಿಯವರನ್ನೂ ಕರೆಯಿಸಿ, ಗುರು ಯಾರು, ಮದುವೆ ಹೇಗೆ, ಸತ್ತವರನ್ನು ಏನು ಮಾಡುತ್ತಾರೆ ಎಂದು ಕೇಳಿದವನು, ಉತ್ತರ ಕೊಟ್ಟ ಮನುಷ್ಯನ ಹೆಸರನ್ನು ಬರೆದುದು ಬಲು ಅಪರೂಪ. ಗಿಡಕ್ಕೆ ಜಾತಿಯ ಹೆಸರು ಸಾಕು, ಮನುಷ್ಯನಿಗೆ ಸಾಲದು. ತನ್ನ ಹಿರಿಯರ ಹೆಸರುಗಳನ್ನು ತಲೆಮಾರುಗಟ್ಟಲೆ ಬಲ್ಲವನಿಗೆ ಇದು ತೋಚದೆ ಹೋದದ್ದು ಹೇಗೋ!

ದಿನಚರಿಯ ರೂಪದಲ್ಲಿಯೇ ಇದ್ದ ಈ ಬರವಣಿಗೆ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. 1870ರಲ್ಲಿ ಮದರಾಸಿನಲ್ಲಿ ಮರುಮುದ್ರಣವಾಯಿತು. ಲೂಯಿಸ್ ರೈಸರು ಮೈಸೂರಿನ ಗೆಜೆಟಿಯರನ್ನು ಬರೆಯುವಾಗ ಮತ್ತೆ ಮತ್ತೆ ಬುಕಾನನ್ನನ ಕಡೆಗೆ ತಿರುಗಿದರು. ಆ ಬಳಿಕ ನಮ್ಮ ನಾಡಿನ ಆರ್ಥಿಕ ಚರಿತ್ರೆ ಬರೆದವರಾರೂ ಅವನನ್ನು ಬಿಟ್ಟು ಮುಂದೆ ಹೋಗಲಾಗಲಿಲ್ಲ.

ಮುಂದಿನ ಕಥೆಯನ್ನು ಬೇಗ ಹೇಳಬಹುದು. 1802ರಲ್ಲಿ ನೇಪಾಳಕ್ಕೆ ಹೋದನು. ಹಿಂದಿರುಗಿ ವೆಲ್ಲೆಸ್ಲಿಯ ವೈದ್ಯನಾಗಿ, ಕಲ್ಕತ್ತೆಯ ಬಳಿಯ ಬಾರಕ್‌ಪುರದ ಮೃಗಾಲಯವನ್ನು ನೋಡಿಕೊಂಡನು. ಪ್ರಾಣಿಗಳ ಚಿತ್ರಗಳನ್ನು ಬಂಗಾಳಿ ಚಿತ್ರಕಾರರಿಂದ ಬರೆಯಿಸಿದನು. 1806ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂದಿತು. 1807ರಿಂದ 1814ರವರೆಗೆ ಏಳು ವರ್ಷ ಬಂಗಾಳ ಬಿಹಾರಗಳ ಸಮೀಕ್ಷೆ: ದಿನಾಜಪುರ, ರಂಗಪುರ, ಪೂರ್ಣಿಯಾ, ಭಾಗಲಪುರ, ಪಾಟ್ನಾ ಮತ್ತು ಗಯಾ, ಶಹಾಬಾದ್, ಕಡೆಯದಾಗಿ ಗೋರಖಪುರ. ಗೋರಖಪುರ ಈಗ ನಾವು ನೆಲೆಸಿರುವ ಉತ್ತರ ಪ್ರದೇಶದಲ್ಲಿಯೇ ಇದೆ. ನಮ್ಮ ನಾಡಿನಲ್ಲಿ ಕಲಿತ ಕ್ರಮವನ್ನೇ ಅಲ್ಲಿಯೂ ನಡೆಸಿದನು. ಹೊಲ, ಮಗ್ಗ, ಕುಲುಮೆ, ಜಾತಿ, ಗುರು.

ಬಂಗಾಳದಲ್ಲಿದ್ದಾಗ ಮೀನುಗಳ ಅಭ್ಯಾಸ ಹಿಡಿದಿದ್ದಿತು. ಅದರ ಫಲವಾಗಿ ಗಂಗಾನದಿಯ ಮೀನುಗಳ ಗ್ರಂಥ 1822ರಲ್ಲಿ ಎಡಿನ್‌ಬರೋದಲ್ಲಿ ಪ್ರಕಟವಾಯಿತು. ಶಾಸ್ತ್ರಕ್ಕೆ ಹೊಸದಾದ ನೂರಕ್ಕೂ ಮಿಕ್ಕ ಮೀನುಗಳ ವರ್ಣನೆ ಅದರಲ್ಲಿದೆ. ದಿಲ್ಲಿ, ನೋಯ್ಡಾಗಳ ಮೀನು ಮಾರುಕಟ್ಟೆಯಲ್ಲಿ ರಾಶಿ ಹಾಕಿ ಮಾರುವ ರೋಹೂ, ಕಾತ್ಲಾ, ಬಂಗಾಳದವರು ಪ್ರಾಣ ಬಿಡುವ ಹಿಲ್ಸಾ, ಇವೆಲ್ಲಕ್ಕೂ ಶಾಸ್ತ್ರೀಯ ನಾಮವನ್ನು ಮೊದಲು ಕೊಟ್ಟವನು ಇವನೇ. ಜೀವಶಾಸ್ತ್ರದ ಪ್ರಯೋಗಾಲಯಗಳಲ್ಲಿ ಲೋಕದಾದ್ಯಂತ ಸಾಕುವ ಪಟ್ಟೆಯ ಪುಟ್ಟ ಮೀನು, ಜೀಬ್ರಾಫಿಷ್, ಅದೂ ಇವನ ಪುಸ್ತಕದ್ದೇ. ಅವುಗಳ ಹೆಸರಿನ ಮುಂದೆ ಬರೆಯುವುದು ಮಾತ್ರ ಬುಕಾನನ್ ಎಂದಲ್ಲ, ಹ್ಯಾಮಿಲ್ಟನ್ ಎಂದು. ಅದಕ್ಕೆ ಕಾರಣವುಂಟು.

1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಣೆ ಅವನಿಗೆ ಬಂದಿತ್ತು. ಆದರೆ ದೇಹ ಸೋತಿದ್ದಿತು, ಊರಿನ ಮನೆ ಕರೆಯುತ್ತಿದ್ದಿತು. 1815ರಲ್ಲಿ ಹೊರಟು ನಿಂತಾಗ, ತಾನು ವರ್ಷಗಟ್ಟಲೆ ಬರೆಯಿಸಿದ ಚಿತ್ರಗಳನ್ನು ಒಯ್ಯಲು ಸರ್ಕಾರ ಬಿಡಲಿಲ್ಲ. ಅವು ಕುಂಪಣಿಯ ಸೊತ್ತೆಂದು ತಡೆದಿಟ್ಟುಕೊಂಡಿತು. ಆ ಕಹಿ ಕಡೆಯವರೆಗೂ ಅವನ ಮನಸ್ಸಿನಿಂದ ಹೋಗಲಿಲ್ಲ. ಕಣಜ ಎಣಿಸಲು ಹೋದವನ ಗಂಟನ್ನೇ ಯಜಮಾನ ಎಣಿಸಿಕೊಂಡಂತಾಯಿತು.

ಅಣ್ಣಂದಿರು ಸಂತಾನವಿಲ್ಲದೆ ತೀರಿಕೊಂಡುದರಿಂದ ತಾಯಿಯ ಕಡೆಯ ಆಸ್ತಿ ನಾಲ್ಕನೆಯ ಮಗನ ಪಾಲಿಗೆ ಬಂದಿತು. ಅದರೊಡನೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಹೊರಬೇಕಾಯಿತು. ಕುಲದ ಹೆಸರಿಗಾಗಿ ಜೀವ ಬಿಡುವವನಿಗೆ ಇದು ಹಗುರವಾದ ಮಾತಲ್ಲ. ಅಲ್ಲಿಂದ ಮುಂದೆ ಅಚ್ಚಾದ ನೇಪಾಳದ ಗ್ರಂಥದಲ್ಲಿಯೂ ಮೀನಿನ ಗ್ರಂಥದಲ್ಲಿಯೂ ಫ್ರಾನ್ಸಿಸ್ ಹ್ಯಾಮಿಲ್ಟನ್ ಎಂದು ಹಾಕಿ, ಪಕ್ಕದಲ್ಲಿ, ಮೊದಲು ಬುಕಾನನ್ ಆಗಿದ್ದವನು ಎಂದು ಬಿಡದೆ ಸೇರಿಸಿದನು. ಸಸ್ಯಶಾಸ್ತ್ರಜ್ಞರು ಎರಡನ್ನೂ ಕೂಡಿಸಿ ಬುಕಾನನ್ ಹ್ಯಾಮಿಲ್ಟನ್ ಎನ್ನುತ್ತಾರೆ.

ಕ್ಯಾಲಂಡರಿನ ಬಳಿಯ ಲೆನಿ ಎಂಬ ಮನೆಯಲ್ಲಿ ನೆಲೆಸಿ, ತಡವಾಗಿ ಮದುವೆಯಾದನು. ಒಬ್ಬ ಮಗ ಹುಟ್ಟಿದನು. ತೋಟ, ಪುಸ್ತಕ, ಲೇಖನಗಳಲ್ಲಿ ದಿನ ಕಳೆಯಿತು. ಹಿಂದೂ ರಾಜವಂಶಗಳ ವಂಶಾವಳಿಗಳ ಮೇಲೆ 1819ರಲ್ಲಿಯೇ ಒಂದು ಗ್ರಂಥ ಪ್ರಕಟಿಸಿದ್ದವನು, ಬಾಳಿನ ಕಡೆಯ ವರ್ಷಗಳಲ್ಲಿ ಸ್ವಂತ ವಂ‌ಶಾವಳಿಯನ್ನು ಬಿಡಿಸಿ ಕುಳಿತನು. ಬುಕಾನನ್ ಕುಲಕ್ಕೆ 1681ರ ಸುಮಾರಿನಿಂದ ಸರ್ವಸಮ್ಮತನಾದ ನಾಯಕನಿರಲಿಲ್ಲ. ಸ್ಪಿಟಲ್ ಶಾಖೆಯವನಾದ ತನಗೆ ಆ ಪಟ್ಟ ಸಲ್ಲಬೇಕೆಂದು ದಾಖಲೆಗಳನ್ನು ಮುಂದಿಟ್ಟು ಹಕ್ಕು ಸಾಧಿಸಿದನು. ಅದರಿಂದ ಅವನಿಗೆ ಹೊಲವೂ ಬರುವಂತಿರಲಿಲ್ಲ, ಹಣವೂ ಬರುವಂತಿರಲಿಲ್ಲ. ಬೇಕಾದುದು ಹೆಸರು. ಕುಲನಾಯಕತ್ವದ ಮಾತು ಅಲ್ಲಿಗೆ ಪೂರ್ತಿ ಬಗೆಹರಿಯಲೂ ಇಲ್ಲ. ಸ್ಕಾಟ್ಲೆಂಡಿನ ಲಾರ್ಡ್ ಲಯನ್ ಎಂಬ ಅಧಿಕಾರಿ ಆ ಕುಲಕ್ಕೆ ಮತ್ತೆ ನಾಯಕನನ್ನು ವಿಧಿಪೂರ್ವಕವಾಗಿ ಮಾನ್ಯಮಾಡಿದ್ದು 2018ರಲ್ಲಿ.

1829 ಜೂನ್ 15ರಂದು, ಅರವತ್ತೇಳನೆಯ ವಯಸ್ಸಿನಲ್ಲಿ, ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್ ತನ್ನ ಸೀಮೆಯಲ್ಲಿಯೇ ತೀರಿಕೊಂಡನು.

ಬಂಗಾಳ ಬಿಹಾರಗಳಲ್ಲಿ ಏಳು ವರ್ಷ ದುಡಿದು ಬರೆದ ಹಸ್ತಪ್ರತಿಗಳು ಲಂಡನ್ನಿನ ಕುಂಪಣಿಯ ಭವನದಲ್ಲಿ ಧೂಳು ತಿನ್ನುತ್ತಿದ್ದವು. ಮಾಂಟ್ಗೊಮರಿ ಮಾರ್ಟಿನ್ ಎಂಬಾತ ಅವುಗಳನ್ನು ಕತ್ತರಿಸಿ ಜೋಡಿಸಿ 1838ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದನು. ಮುಖಪುಟದಲ್ಲಿದ್ದುದು ಮಾರ್ಟಿನ್ನನ ಹೆಸರೊಂದೇ. ಸುಮಾರು ತೊಂಬತ್ತು ವರ್ಷ ಕಳೆದ ಮೇಲೆ, ಪಾಟ್ನಾ ಗಯಾ ಜಿಲ್ಲೆಗಳ ಮೂಲ ದಿನಚರಿ 1925ರಲ್ಲಿ ಪ್ರಕಟವಾಯಿತು. ಶಹಾಬಾದ್, ಭಾಗಲಪುರಗಳ ದಿನಚರಿಗಳು ಆಮೇಲೆ ಬಂದವು. ಅವುಗಳ ಮುಖಪುಟದಲ್ಲಿ ಬುಕಾನನ್ನನ ಹೆಸರಿದೆ.